ಅಜ್ಜಿಯ ಹೊಸ ಕೀಲು ಮತ್ತು ನೀವು

ಸಂಘದ ಪತ್ರಿಕೆಗಳಲ್ಲಿ ಬರುವ ಆರೋಗ್ಯ ಲೇಖನಗಳು ಸಾಮಾನ್ಯವಾಗಿ ರೋಗಿಗಳನ್ನು ಉದ್ದೇಶಿಸಿರುತ್ತವೆ. ಈ ಲೇಖನ ರೋಗಿಗಳಿಗಲ್ಲ, ನಿಮಗೆ. ಮುಂಬೈಯಲ್ಲೋ ಪುಣೆಯಲ್ಲೋ ಹುಟ್ಟಿ, ಇಲ್ಲಿನ ಶಾಲೆಯಲ್ಲೇ ಓದಿ, ಮನೆಯಲ್ಲಿ ಮಾತ್ರ ಕನ್ನಡ ಮಾತನಾಡುವ ಯುವಕ ಯುವತಿಯರಿಗೆ. ಅಜ್ಜಿಗೋ ದೊಡ್ಡಪ್ಪನಿಗೋ ಸೊಂಟದ ಕೀಲು ಬದಲಾಯಿಸುವ ಶಸ್ತ್ರಚಿಕಿತ್ಸೆ ಎಂದ ಕೂಡಲೇ ಫೈಲು ಹಿಡಿದು ಆಸ್ಪತ್ರೆಗೆ ಓಡಾಡುವವರು ನೀವೇ ತಾನೇ? ಮೆಡಿಕ್ಲೇಮ್ ಫಾರಂ ತುಂಬುವವರು ನೀವು. ಡಾಕ್ಟರು ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಹೇಳಿದ್ದನ್ನು ಮನೆಯವರಿಗೆ ತಿಳಿಸಿ ಹೇಳುವವರೂ ನೀವು. ಆದ್ದರಿಂದ ಈ ಶಸ್ತ್ರಚಿಕಿತ್ಸೆ ಎಷ್ಟರ ಮಟ್ಟಿಗೆ ಸಫಲವಾಯಿತು ಎಂಬುದರಲ್ಲಿ ನಿಮ್ಮ ಪಾಲೂ ಇದೆ. ಅದು ಸಣ್ಣ ಪಾಲೇನಲ್ಲ.

ನಾನು ವೃತ್ತಿಯಿಂದ ಫಿಸಿಯೋಥೆರಪಿಸ್ಟ್. ಉಪನಗರಗಳ ಮನೆಗಳಿಗೆ ಹೋಗಿ, ಹೊಸ ಕೀಲು ಹಾಕಿಸಿಕೊಂಡವರನ್ನು ನಡೆಸುವುದು ನನ್ನ ಕೆಲಸ. ಕನ್ನಡದವರ ಮನೆಗೆ ಹೋದರೆ ಮೊದಲು ಕಾಫಿ, ಆಮೇಲೆ ವ್ಯಾಯಾಮ. ಅದಿರಲಿ, ವಿಷಯಕ್ಕೆ ಬರೋಣ.

ಸೊಂಟವೆಂದರೆ ಯಾವ ಸೊಂಟ?

ಮೊದಲ ತೊಡಕು ಭಾಷೆಯದೇ. ಡಾಕ್ಟರು 'ದರ್ದ್ ಕಹಾಂ ಹೈ' ಎಂದು ಕೇಳುತ್ತಾರೆ. ಅಜ್ಜಿ 'ಸೊಂಟ' ಅನ್ನುತ್ತಾರೆ. ನೀವು ಅದನ್ನು 'ಕಮರ್' ಎಂದು ಅನುವಾದಿಸುತ್ತೀರಿ. ಡಾಕ್ಟರು ಬೆನ್ನುಮೂಳೆಯ ಎಕ್ಸ್‌ರೇ ಬರೆದುಕೊಡುತ್ತಾರೆ. ವಯಸ್ಸಾದವರ ಬೆನ್ನುಮೂಳೆಯಲ್ಲಿ ಏನಾದರೊಂದು ಸವೆತ ಇದ್ದೇ ಇರುತ್ತದೆ, ಬೆಲ್ಟು ಮಾತ್ರೆಗಳಲ್ಲಿ ಆರು ತಿಂಗಳು ಕಳೆದುಹೋಗುತ್ತವೆ. ನಿಜವಾಗಿ ಕೆಟ್ಟಿದ್ದು ಬೆನ್ನಲ್ಲ, ತೊಡೆಮೂಳೆ ಕೂಡುವ ಕೀಲು.

ನಮ್ಮ ಭಾಷೆಯಲ್ಲಿ ಸೊಂಟ ಎಂಬುದು ವಿಶಾಲವಾದ ಪ್ರದೇಶ. ಉಡಿದಾರ ಕಟ್ಟುವ ಜಾಗವೂ ಸೊಂಟ, ಮಗುವನ್ನು ಎತ್ತಿಕೊಳ್ಳುವ ಜಾಗವೂ ಸೊಂಟ. ಕೆಲವರು ಟೊಂಕ ಅನ್ನುತ್ತಾರೆ, ಕೆಲವರು ಚಪ್ಪೆ ಅನ್ನುತ್ತಾರೆ. (ಕರಾವಳಿಯವರಿಗೆ ಚಪ್ಪೆ ಎಂದರೆ ಉಪ್ಪು ಖಾರವಿಲ್ಲದ ಸಾರು ನೆನಪಾಗಬಹುದು, ಇದು ಬೇರೆ ಚಪ್ಪೆ.) ಆದ್ದರಿಂದ ಹೆಸರು ಕೇಳಬೇಡಿ, ಬೆರಳಿಟ್ಟು ತೋರಿಸಲು ಹೇಳಿ. ಈ ಕೀಲಿನ ನೋವು ಹೆಚ್ಚಾಗಿ ತೊಡೆಸಂದಿನಲ್ಲಿ, ಅಂದರೆ ಹೊಟ್ಟೆ ಮುಗಿದು ತೊಡೆ ಶುರುವಾಗುವಲ್ಲಿ ಕಾಣಿಸಿಕೊಳ್ಳುತ್ತದೆ. ಎಷ್ಟೋ ಸಲ ತೊಡೆಯ ಮುಂಭಾಗದಲ್ಲಿ ಇಳಿದು ಮೊಣಕಾಲಿನವರೆಗೂ ಬರುತ್ತದೆ. 'ಮಂಡಿ ನೋವು' ಎಂದು ಬಂದವರಿಗೆ ಮಂಡಿಯಲ್ಲಿ ಏನೂ ಇರುವುದಿಲ್ಲ! ಚಪ್ಪಲಿ ಹಾಕಿಕೊಳ್ಳಲು, ಕಾಲಿನ ಉಗುರು ಕತ್ತರಿಸಲು, ರಿಕ್ಷಾ ಹತ್ತಲು ಕಷ್ಟವಾಗುತ್ತಿದ್ದರೆ ಅನುಮಾನ ಈ ಕೀಲಿನ ಮೇಲೆ. ಅದರ ಬದಲು ನೋವು ಬೆನ್ನಿನಿಂದ ಹೊರಟು, ತೊಡೆಯ ಹಿಂಭಾಗದಿಂದ ಮೊಣಕಾಲು ದಾಟಿ ಪಾದದವರೆಗೆ ಹೋಗುತ್ತಿದ್ದರೆ, ಜೋಮು ಹಿಡಿಯುತ್ತಿದ್ದರೆ, ಅದು ನರದ ಕಡೆಗೆ ಬೆರಳು ತೋರಿಸುತ್ತದೆ.

ನೋವಿಗೆ ನಮ್ಮಲ್ಲಿರುವಷ್ಟು ಮಾತುಗಳು ನಿಮಗೆ ಗೊತ್ತೇ? ಸೆಳೆತ, ಉರಿ, ಚಳಕು, ಸಿಡಿತ, ಜೋಮು, ಹಿಡಿದುಕೊಳ್ಳುವುದು, ಚುಚ್ಚುವುದು, ಕಾಲು ಸೇದುವುದು. ಇವೆಲ್ಲ ಒಂದೇ ಅಲ್ಲ. 'ಉರಿ' ಮತ್ತು 'ಜೋಮು' ಎಂದರೆ ಡಾಕ್ಟರು ನರವನ್ನು ಯೋಚಿಸುತ್ತಾರೆ. 'ಬೆಳಿಗ್ಗೆ ಎದ್ದಾಗ ಹಿಡಿದುಕೊಂಡಿರುತ್ತದೆ, ನಾಲ್ಕು ಹೆಜ್ಜೆ ಹಾಕಿದರೆ ಸಡಿಲವಾಗುತ್ತದೆ' ಎಂದರೆ ಕೀಲನ್ನು ಯೋಚಿಸುತ್ತಾರೆ. ನೀವು ಎಲ್ಲವನ್ನೂ 'ಪೇನ್' ಎಂಬ ಒಂದೇ ಶಬ್ದಕ್ಕೆ ಇಳಿಸಿಬಿಟ್ಟರೆ, ಅಜ್ಜಿ ಕೊಟ್ಟ ಮಾಹಿತಿಯ ಮುಕ್ಕಾಲು ಪಾಲು ದಾರಿಯಲ್ಲೇ ಸೋರಿಹೋಗುತ್ತದೆ. ಅರ್ಥವಾಗದಿದ್ದರೆ ಅಜ್ಜಿಯನ್ನೇ ಕೇಳಿ, 'ಸೇದುವುದು ಅಂದರೆ ಹೇಗೆ ಅಜ್ಜಿ?' ಎಂದು. ಅವರು ವಿವರಿಸುವುದನ್ನು ಹಾಗೆಯೇ ಡಾಕ್ಟರಿಗೆ ಹೇಳಿ.

ಮಗ್ಗದ ಪ್ಲಾಸ್ಟಿಕ್ಕು ಮನುಷ್ಯನ ಕೀಲಿಗೆ

ರುಬ್ಬುವ ಒರಳಿನಲ್ಲಿ ಗುಂಡು ತಿರುಗುವುದನ್ನು ನೀವು ಊರಿನಲ್ಲಿ ನೋಡಿರಬಹುದು. ಸೊಂಟದ ಕೀಲು ಹೆಚ್ಚು ಕಡಿಮೆ ಹಾಗೆಯೇ. ಚಪ್ಪೆಮೂಳೆಯಲ್ಲಿ ಒಂದು ಬಟ್ಟಲು, ತೊಡೆಮೂಳೆಯ ತುದಿಯಲ್ಲಿ ಒಂದು ಗುಂಡು, ಎರಡರ ನಡುವೆ ನುಣುಪಾದ ಮೃದ್ವಸ್ಥಿ. ಸವೆತದಿಂದಲೋ, ಸಂಧಿವಾತದಿಂದಲೋ, ರಕ್ತಪೂರೈಕೆ ನಿಂತು ಗುಂಡಿನ ಮೂಳೆಯೇ ಸತ್ತುಹೋಗುವುದರಿಂದಲೋ ಈ ನುಣುಪು ಹೋದರೆ ಮೂಳೆಗೆ ಮೂಳೆ ಉಜ್ಜುತ್ತದೆ. ಬಚ್ಚಲಲ್ಲಿ ಜಾರಿ ಬಿದ್ದು ತೊಡೆಮೂಳೆಯ ಕತ್ತು ಮುರಿದುಕೊಳ್ಳುವ ವೃದ್ಧರ ಕತೆ ಬೇರೆ. ಅಲ್ಲಿ ಯೋಚಿಸಲು ಸಮಯವಿರುವುದಿಲ್ಲ, ಆದಷ್ಟು ಬೇಗ ಶಸ್ತ್ರಚಿಕಿತ್ಸೆಯಾಗಬೇಕು.

ಕೀಲು ಬದಲಾಯಿಸುವ ಪ್ರಯತ್ನ ಹಳೆಯದು. 1891ರಲ್ಲಿ ಜರ್ಮನಿಯ ಗ್ಲುಕ್ ಎಂಬ ವೈದ್ಯರು ದಂತದ ಕೀಲುಗಳ ಬಗ್ಗೆ ವರದಿ ಮಾಡಿದ್ದರು. ಗಾಜನ್ನೂ ಪ್ರಯೋಗಿಸಿ ನೋಡಿದರು, ಅದು ಒಡೆಯಿತು. ಇಂದಿನ ಶಸ್ತ್ರಚಿಕಿತ್ಸೆಯ ತಂದೆ ಎನಿಸಿಕೊಂಡವರು ಇಂಗ್ಲೆಂಡಿನ ಜಾನ್ ಚಾರ್ನ್ಲಿ. ಲ್ಯಾಂಕಷೈರಿನ ರೈಟಿಂಗ್ಟನ್ ಆಸ್ಪತ್ರೆಯಲ್ಲಿ ಅವರು ಒಂದು ಸಣ್ಣ ಉಕ್ಕಿನ ಗುಂಡು, ಪ್ಲಾಸ್ಟಿಕ್ಕಿನ ಬಟ್ಟಲು, ಎರಡನ್ನೂ ಮೂಳೆಗೆ ಹಿಡಿದಿಡಲು ಹಲ್ಲಿನ ವೈದ್ಯರು ಬಳಸುವಂಥ ಅಕ್ರಿಲಿಕ್ ಸಿಮೆಂಟು, ಈ ಮೂರನ್ನು ಹೊಂದಿಸಿದರು. ಬಟ್ಟಲಿಗೆ ಮೊದಲು ಆರಿಸಿಕೊಂಡದ್ದು ಟೆಫ್ಲಾನ್, ನಿಮ್ಮಮ್ಮನ ನಾನ್-ಸ್ಟಿಕ್ ಕಾವಲಿಯ ಮೇಲಿನ ಅದೇ ವಸ್ತು. ರೋಗಿಗಳು ಎದ್ದು ನಡೆದರು, ಎಲ್ಲರಿಗೂ ಸಂತೋಷ. ಆದರೆ ಕೆಲವೇ ವರ್ಷಗಳಲ್ಲಿ ಟೆಫ್ಲಾನ್ ಸವೆದು, ಅದರ ಪುಡಿಯಿಂದ ಸುತ್ತಲಿನ ಮಾಂಸಕ್ಕೆ ಉರಿಯೂತ ತಗುಲಿತು. ಸುಮಾರು 300 ಜನರಿಗೆ ಹಾಕಿದ್ದ ಕೀಲುಗಳು ಒಂದೊಂದಾಗಿ ಕೆಡತೊಡಗಿದವು. ಆ ಪುಡಿ ಏನು ಮಾಡುತ್ತದೆಂದು ನೋಡಲು ಚಾರ್ನ್ಲಿ ತಮ್ಮದೇ ತೊಡೆಯೊಳಗೆ ಅದನ್ನು ಸೇರಿಸಿಕೊಂಡು ಪರೀಕ್ಷಿಸಿದರೆಂದರೆ ಅವರ ಚಡಪಡಿಕೆ ಎಷ್ಟಿತ್ತೆಂದು ಊಹಿಸಿ.

ಆ ಹೊತ್ತಿಗೆ ಒಬ್ಬ ಮಾರಾಟ ಪ್ರತಿನಿಧಿ ಆಸ್ಪತ್ರೆಗೆ ಬಂದ. ಲ್ಯಾಂಕಷೈರಿನ ಬಟ್ಟೆ ಗಿರಣಿಗಳ ಮಗ್ಗಗಳಿಗೆ ಬಳಸುತ್ತಿದ್ದ ಒಂದು ಹೊಸ ಪ್ಲಾಸ್ಟಿಕ್ಕಿನ ತುಂಡು ಅವನ ಕೈಯಲ್ಲಿತ್ತು, ಪಾಲಿಥಿಲೀನಿನ ಒಂದು ಗಟ್ಟಿ ಜಾತಿ. ಚಾರ್ನ್ಲಿಯವರಿಗೆ ನಂಬಿಕೆ ಹುಟ್ಟಲಿಲ್ಲ. ಅವರ ಕಾರ್ಯಾಗಾರದ ತಂತ್ರಜ್ಞ ಹ್ಯಾರಿ ಕ್ರೇವನ್ ಮಾತ್ರ ಅದನ್ನು ಯಂತ್ರಕ್ಕೆ ಹಾಕಿ ಹಗಲೂ ರಾತ್ರಿ ಉಜ್ಜಿಸಿದ. ಮೂರು ವಾರಗಳಾದರೂ ಅದು ಟೆಫ್ಲಾನ್ ಒಂದು ದಿನದಲ್ಲಿ ಸವೆಯುವಷ್ಟೂ ಸವೆದಿರಲಿಲ್ಲ. 1962ರ ನವೆಂಬರಿನಲ್ಲಿ ಆ ಪ್ಲಾಸ್ಟಿಕ್ಕಿನ ಬಟ್ಟಲು ಮೊದಲ ರೋಗಿಯ ದೇಹ ಸೇರಿತು. ಮುಂಬೈಯ ಗಿರಣಿಗಳ ಭೋಂಗಾ ಕೇಳಿ ಬೆಳೆದ ಹಿರಿಯರಿಗೆ ಈ ಕತೆಯನ್ನು ಹೇಳಿ ನೋಡಿ. ತಮ್ಮ ಸೊಂಟದೊಳಗೆ ಮಗ್ಗದ ಪ್ಲಾಸ್ಟಿಕ್ಕಿನ ಬಂಧುವೊಂದು ಕೂತಿದೆ ಎಂದರೆ ಅವರಿಗೆ ಬೇಸರಕ್ಕಿಂತ ಖುಷಿಯೇ ಆಗುತ್ತದೆ.

ಮುಂದಿನದು ಈಗ ಇತಿಹಾಸ. 2007ರಲ್ಲಿ ಲ್ಯಾನ್ಸೆಟ್ ಪತ್ರಿಕೆಯ ಒಂದು ಲೇಖನದ ಶೀರ್ಷಿಕೆಯೇ ಇದನ್ನು ಶತಮಾನದ ಶಸ್ತ್ರಚಿಕಿತ್ಸೆ ಎಂದು ಕರೆಯಿತು. 2019ರಲ್ಲಿ ಅದೇ ಪತ್ರಿಕೆಯಲ್ಲಿ ಬಂದ, ಹಲವು ದೇಶಗಳ ದಾಖಲೆಗಳನ್ನು ಒಟ್ಟುಗೂಡಿಸಿದ ಲೆಕ್ಕದ ಪ್ರಕಾರ ಹಾಕಿದ ಕೀಲುಗಳಲ್ಲಿ ಶೇಕಡಾ 58ರಷ್ಟು 25 ವರ್ಷಗಳಾದರೂ ಉಳಿದುಕೊಂಡಿರುತ್ತವೆ. 'ಹತ್ತು ವರ್ಷಕ್ಕೆ ಮತ್ತೆ ಬಿಚ್ಚಬೇಕಂತೆ' ಎಂದು ಪಕ್ಕದ ಮನೆಯವರು ಹೇಳಿದರೆ ಈ ಅಂಕಿಯನ್ನು ನೆನಪಿಟ್ಟುಕೊಂಡಿರಿ. ಎಲ್ಲ ಹೊಸತೂ ಒಳ್ಳೆಯದಲ್ಲ ಎಂಬುದಕ್ಕೂ ಉದಾಹರಣೆಯಿದೆ. ಲೋಹದ ಬಟ್ಟಲಿನಲ್ಲಿ ಲೋಹದ ಗುಂಡು ತಿರುಗುವ ಎ.ಎಸ್.ಆರ್. ಎಂಬ ಕೀಲನ್ನು 2010ರಲ್ಲಿ ಜಗತ್ತಿನಾದ್ಯಂತ ಹಿಂದಕ್ಕೆ ಪಡೆಯಬೇಕಾಯಿತು. ನಮ್ಮ ದೇಶದಲ್ಲೂ ಅದನ್ನು ಹಾಕಿಸಿಕೊಂಡು ನರಳಿದವರಿದ್ದಾರೆ. ಅದಕ್ಕೇ, ಯಾವ ಕಂಪನಿಯ ಯಾವ ಮಾದರಿಯ ಕೀಲು ಹಾಕಿದ್ದಾರೆ ಎಂಬ ಸ್ಟಿಕ್ಕರ್ ಇರುವ ಕಾಗದವನ್ನು ಆಸ್ಪತ್ರೆಯಿಂದ ತಪ್ಪದೆ ಪಡೆದು ಫೈಲಿನಲ್ಲಿಡಿ.

ನೂರಕ್ಕೆ ಎಷ್ಟು ಅಂಕ?

ಈಗ ಮುಖ್ಯ ಪ್ರಶ್ನೆ. ಶಸ್ತ್ರಚಿಕಿತ್ಸೆ ಚೆನ್ನಾಗಿ ಆಯಿತೆಂದು ಹೇಳುವವರು ಯಾರು? ಎಕ್ಸ್‌ರೇ ನೋಡಿ ಡಾಕ್ಟರು ಹೇಳುತ್ತಾರೆ, 'ಎ ಒನ್' ಎಂದು. ರೋಗಿ ಏನು ಹೇಳುತ್ತಾರೆ?

ಇದನ್ನು ಅಳೆಯಲು ವೈದ್ಯರು ಹಲವು ಪ್ರಶ್ನಾವಳಿಗಳನ್ನು ಮಾಡಿಕೊಂಡಿದ್ದಾರೆ. ಬಹಳ ಹೆಸರಾದದ್ದು ಅಮೆರಿಕದ ವಿಲಿಯಂ ಹ್ಯಾರಿಸ್ 1969ರಲ್ಲಿ ಮಾಡಿದ ಅಂಕಪಟ್ಟಿ. ಒಟ್ಟು 100 ಅಂಕ. ನೋವಿಲ್ಲದಿರುವುದಕ್ಕೆ 44. ಓಡಾಟ ಮತ್ತು ದಿನಚರಿಗೆ 47. ಉಳಿದದ್ದು ಕೀಲಿನ ಚಲನೆಗೆ ಮತ್ತು ಅಂಗವಕ್ರತೆ ಇಲ್ಲದಿರುವುದಕ್ಕೆ. ಆ 47ರೊಳಗೆ ಕುಂಟದೆ ನಡೆಯಲು 11, ಕೋಲಿಲ್ಲದೆ ನಡೆಯಲು 11, ಎಷ್ಟು ದೂರ ಎಂಬುದಕ್ಕೆ 11, ಕುರ್ಚಿಯಲ್ಲಿ ಕೂರಲು 5, ಮೆಟ್ಟಿಲಿಗೆ 4, ಕಾಲುಚೀಲ ಬೂಟು ಹಾಕಿಕೊಳ್ಳಲು 4. ಬಸ್ಸು ರೈಲು ಹತ್ತುವುದಕ್ಕೆ ಎಷ್ಟು ಗೊತ್ತೇ? ಒಂದು. ಒಂದೇ ಒಂದು ಅಂಕ!

ಬಾಸ್ಟನ್ನಿನಲ್ಲಿ ಕೂತು ಮಾಡಿದ ಪಟ್ಟಿ ಅದು, ಹ್ಯಾರಿಸರನ್ನು ದೂರುವಂತಿಲ್ಲ. ಆದರೆ ಬೆಳಗಿನ 8.42ರ ಲೋಕಲ್ ಹಿಡಿಯುವ ಊರಿನಲ್ಲಿ ಇದಕ್ಕೆ ಒಂದೇ ಅಂಕ ಕೊಡಲು ನಿಮಗೆ ಮನಸ್ಸು ಬರುತ್ತದೆಯೇ? ನೆಲದ ಮೇಲೆ ಕೂರುವುದಕ್ಕಂತೂ ಅಲ್ಲಿ ಅಂಕವೇ ಇಲ್ಲ. ದೇವರ ಮುಂದೆ ಕೂರುವುದು, ಎಲೆಯ ಮುಂದೆ ಕೂರುವುದು, ಕುಕ್ಕರುಗಾಲಿನಲ್ಲಿ ರಂಗೋಲಿ ಹಾಕುವುದು, ಬಗ್ಗಿ ಹಿರಿಯರ ಕಾಲು ಮುಟ್ಟುವುದು, ಯಾವುದೂ ಇಲ್ಲ. 1996ರಲ್ಲಿ ಬಂದ ಆಕ್ಸ್‌ಫರ್ಡಿನ 12 ಪ್ರಶ್ನೆಗಳಲ್ಲೂ ಸ್ನಾನ, ಅಂಗಡಿ, ಮೆಟ್ಟಿಲು, ರಾತ್ರಿಯ ನೋವು ಎಲ್ಲ ಇವೆ, ನೆಲವಿಲ್ಲ.

ನಾನು ಕಂಡ ಇಬ್ಬರ ವಿಷಯ ಹೇಳುತ್ತೇನೆ. ಡೊಂಬಿವಲಿಯಲ್ಲಿ ಧಾರವಾಡ ಕಡೆಯ ಒಬ್ಬ ತಾಯಿ, ವಯಸ್ಸು 68. ಶಸ್ತ್ರಚಿಕಿತ್ಸೆಯಾಗಿ ಆರು ತಿಂಗಳಿಗೆ ನೋವಿಲ್ಲ, ಕುಂಟಿಲ್ಲ, ಕೋಲಿಲ್ಲ. ಹ್ಯಾರಿಸರ ಲೆಕ್ಕದಲ್ಲಿ 90ರ ಮೇಲೆ. ಆದರೆ ಮುಖದಲ್ಲಿ ಗೆಲುವಿಲ್ಲ. ಮಗ ಸೊಸೆ 'ಇಷ್ಟು ಖರ್ಚು ಮಾಡಿದರೂ ಅಮ್ಮನಿಗೆ ಸಮಾಧಾನವಿಲ್ಲ' ಎಂದು ಬೇಸರಪಟ್ಟರು. ಕಾಲೇಜಿಗೆ ಹೋಗುವ ಮೊಮ್ಮಗಳು ಒಂದು ದಿನ ಪಕ್ಕದಲ್ಲಿ ಕೂತು, 'ಆಯಿ, ನಿನಗ ಏನ್ ಮಾಡಾಕ ಆಗವಲ್ದು, ಅದನ್ನ ಹೇಳು' ಎಂದು ಕೇಳಿದಳು. 'ತುಳಸಿ ಮುಂದ ಕುಂತು ರಂಗೋಲಿ ಹಾಕಾಕ ಆಗೂದಿಲ್ಲವ್ವ. ನಿಂತು ಕೈ ಮುಗದ್ರ ಪೂಜಿ ಮಾಡಿದಂಗ ಅನಸೂದಿಲ್ಲ' ಎಂದರು ಅವರು. ಇದನ್ನು ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ. ಡಾಕ್ಟರ ಎದುರು ಹೇಳುವ ಮಾತೇ ಇದು ಎಂಬ ಸಂಕೋಚ.

ಎರಡನೆಯವರು ಮುಲುಂಡಿನ ಹಿರಿಯರು, 74 ವರ್ಷ, ಉಡುಪಿ ಕಡೆಯವರು. ಜೀವಮಾನವಿಡೀ ಹೋಟೆಲಿನ ಗಲ್ಲಾದಲ್ಲೂ ಅಡಿಗೆಮನೆಯಲ್ಲೂ ನಿಂತೇ ಕಳೆದವರು. ಕೀಲು ಹಾಕಿದ ಮೇಲೂ ಸ್ವಲ್ಪ ಕುಂಟು ಉಳಿಯಿತು, ಕೋಲು ಬಿಡಲಿಲ್ಲ. ಅಂಕ ಹಾಕಿದರೆ ಎರಡನೇ ದರ್ಜೆ. ಆದರೆ ಒಂದು ಭಾನುವಾರ ಮಧ್ಯಾಹ್ನ ಖಾಲಿ ಲೋಕಲ್ ನೋಡಿ ಹತ್ತಿ, ಮಾಟುಂಗಾದಲ್ಲಿಳಿದು, ಮೈಸೂರು ಅಸೋಸಿಯೇಷನ್ನಿನಲ್ಲಿ ನಾಟಕ ನೋಡಿಕೊಂಡು ಬಂದರು. ಮರುದಿನ ನನಗೆ ವ್ಯಾಯಾಮ ಮಾಡಿಸಲು ಬಿಡಲೇ ಇಲ್ಲ. 'ಎರಡು ವರ್ಷದ ಮೇಲೆ ಹೋದದ್ದು ಮಾರಾಯ್ರೇ, ಇನ್ನು ಈ ಕಾಲು ಹೇಗಿದ್ದರೂ ಅಡ್ಡಿಯಿಲ್ಲ' ಎಂದು ನಾಟಕದ ಕತೆಯನ್ನೇ ಹೇಳುತ್ತಾ ಕೂತರು. ಆ ಒಂದು ಅಂಕದ ಬೆಲೆ ಅವರಿಗೆ 99 ಆಗಿತ್ತು.

ಸೊಂಟದ ಕೀಲು ಬದಲಾಯಿಸಿಕೊಂಡವರಲ್ಲಿ ಬಹುಪಾಲು ಜನ ತೃಪ್ತರು. ಮೊಣಕಾಲಿನ ಕೀಲು ಬದಲಾಯಿಸಿಕೊಂಡವರಲ್ಲಿ ಸುಮಾರು ಐವರಲ್ಲಿ ಒಬ್ಬರು ಅತೃಪ್ತರು ಎಂಬ ಲೆಕ್ಕವಿದೆ, ಸೊಂಟದ್ದು ಅದಕ್ಕಿಂತ ಎಷ್ಟೋ ಮೇಲು. ಆದರೂ ಅತೃಪ್ತರಾಗಿ ಉಳಿಯುವವರನ್ನು ವಿಚಾರಿಸಿದಾಗ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಎದ್ದು ಕಾಣುವ ಕಾರಣ ಒಂದಿದೆ. ಮೊದಲು ಇಟ್ಟುಕೊಂಡಿದ್ದ ನಿರೀಕ್ಷೆ ಈಡೇರಲಿಲ್ಲ ಎಂಬುದು. ಖಿನ್ನತೆ ಇದ್ದವರಲ್ಲೂ ಸಮಾಧಾನ ಕಡಿಮೆ. ನಿರೀಕ್ಷೆ ಏನೆಂದು ಶಸ್ತ್ರಚಿಕಿತ್ಸೆಗೆ ಮೊದಲೇ ಕೇಳಿ ತಿಳಿದುಕೊಂಡರೆ ಅದು ಸಾಧ್ಯವೇ, ಎಷ್ಟು ತಿಂಗಳಲ್ಲಿ ಸಾಧ್ಯ ಎಂದು ಡಾಕ್ಟರು ಹೇಳಬಲ್ಲರು. 2012ರಲ್ಲಿ ಬಂದ ಇನ್ನೊಂದು ಪ್ರಶ್ನಾವಳಿ ನನಗೆ ಬಹಳ ಹಿಡಿಸಿದೆ. ಅದು ಕೇಳುವುದು ಒಂದೇ ಬಗೆಯ ಪ್ರಶ್ನೆ: ಮಲಗಿದಾಗ, ನಡೆಯುವಾಗ, ಮೆಟ್ಟಿಲು ಹತ್ತುವಾಗ ನಿಮಗೆ ಕೃತಕ ಕೀಲು ಇದೆಯೆಂಬುದು ನೆನಪಾಗುತ್ತದೆಯೇ? ಮರೆತೇಹೋಗಿದ್ದರೆ ಪೂರ್ಣ ಅಂಕ.

'ನೀವು ಕೂತುಕೊಳ್ಳಿ ಅಮ್ಮ' ಎಂಬ ಕಾಯಿಲೆ

ನೋವು ಹೋದ ಮೇಲೆ ಜನ ತಾನಾಗಿಯೇ ಹೆಚ್ಚು ಓಡಾಡುತ್ತಾರೆಂದು ನೀವು ಎಣಿಸಬಹುದು. ಹಾಗಾಗುವುದಿಲ್ಲ ಎಂಬುದು ಆಶ್ಚರ್ಯ. 2014ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಒಂದು ಅಧ್ಯಯನದಲ್ಲಿ ಸೊಂಟ ಮತ್ತು ಮೊಣಕಾಲಿನ ಕೀಲು ಬದಲಾಯಿಸಿಕೊಂಡವರಿಗೆ ಚಲನೆಯನ್ನು ಅಳೆಯುವ ಸಣ್ಣ ಯಂತ್ರ ಕಟ್ಟಿ, ಮೊದಲು ಮತ್ತು ಆರು ತಿಂಗಳ ನಂತರ ಹೋಲಿಸಿ ನೋಡಿದರು. ನೋವು ಇಳಿದಿತ್ತು, ಕೆಲಸಗಳು ಸುಲಭವಾಗಿದ್ದವು, ಎಲ್ಲ ನಿಜ. ಆದರೆ ದಿನದ ಓಡಾಟ ಮಾತ್ರ ಇದ್ದಲ್ಲೇ ಇತ್ತು! ವರ್ಷಗಟ್ಟಲೆ ನೋವಿನಿಂದ ಕೂತು ಅಭ್ಯಾಸವಾದ ದೇಹ ಕೂತೇ ಇರುತ್ತದೆ.

ನಮ್ಮ ಮನೆಗಳಲ್ಲಿ ಇದಕ್ಕೆ ಪ್ರೀತಿಯ ಸಹಾಯವೂ ಸಿಗುತ್ತದೆ. 'ನೀವು ಕೂತುಕೊಳ್ಳಿ ಅಮ್ಮ, ನಾನು ತರುತ್ತೇನೆ.' ನೀರು ಕೈಗೆ, ತಟ್ಟೆ ಕೈಗೆ, ರಿಮೋಟು ಕೈಗೆ. ಲಕ್ಷಗಟ್ಟಲೆ ಕೊಟ್ಟು ಕೀಲು ಹಾಕಿಸಿ ಅದನ್ನು ಸೋಫಾದ ಮೇಲೆ ಇಟ್ಟು ಪೂಜಿಸಿದಂತೆ. ಸೊಸೆಗೆ, 'ಅತ್ತೆಯಿಂದ ಕೆಲಸ ಮಾಡಿಸುತ್ತಾಳೆ' ಎಂದು ಯಾರಾದರೂ ಅಂದಾರೆಂಬ ಭಯ ಬೇರೆ. ಮೊಮ್ಮಕ್ಕಳಾದ ನಿಮಗೆ ಆ ಭಯವಿಲ್ಲ. 'ಅಜ್ಜಿ, ಏಳಿ, ಕೆಳಗೆ ಹೋಗಿ ಕೊತ್ತಂಬರಿ ತರೋಣ' ಎಂದು ಹೇಳುವ ಅಧಿಕಾರ ನಿಮಗಲ್ಲದೆ ಇನ್ಯಾರಿಗೆ?

ಇಂದು ಬಹಳ ಕಡೆ ಶಸ್ತ್ರಚಿಕಿತ್ಸೆಯ ದಿನವೇ, ಇಲ್ಲವಾದರೆ ಮರುದಿನ ವಾಕರ್ ಹಿಡಿಸಿ ನಿಲ್ಲಿಸುತ್ತಾರೆ. ಹೆದರಬೇಡಿ. ಮಲಗಿಯೇ ಇದ್ದರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವಿದೆ, ಪಾದವನ್ನು ಮೇಲೆ ಕೆಳಗೆ ಆಡಿಸುವ ವ್ಯಾಯಾಮವೂ ಅದಕ್ಕಾಗಿಯೇ. ಮೀನಖಂಡ ಊದಿ ನೋಯುತ್ತಿದ್ದರೆ, ಹಠಾತ್ತಾಗಿ ಉಸಿರಾಟ ಕಷ್ಟವಾದರೆ, ಗಾಯದಿಂದ ನೀರು ಬಂದರೆ, ಜ್ವರ ಬಂದರೆ ನಾಳೆ ನೋಡೋಣ ಎನ್ನಬೇಡಿ.

ನಡಿಗೆಯ ರಹಸ್ಯವಿರುವುದು ಕೀಲಿನಲ್ಲಲ್ಲ, ಅದರ ಪಕ್ಕದ ಸ್ನಾಯುವಿನಲ್ಲಿ. ನೀವು ಒಂದು ಕಾಲೆತ್ತಿದಾಗ ಸೊಂಟ ಆ ಕಡೆಗೆ ಬಾಗದಂತೆ ಹಿಡಿದಿಡುವುದು ಊರಿರುವ ಕಾಲಿನ ಪಕ್ಕೆಯ ಸ್ನಾಯು. ವರ್ಷಗಳ ನೋವಿನಿಂದ ಅದು ಸೊರಗಿರುತ್ತದೆ. ಲೋಹದ ಕೀಲು ಎಷ್ಟೇ ಒಳ್ಳೆಯದಿರಲಿ, ಈ ಸ್ನಾಯು ಬಲಗೊಳ್ಳುವವರೆಗೆ ಕುಂಟು ಹೋಗುವುದಿಲ್ಲ. ಅದಕ್ಕೇ ಕಾಲನ್ನು ಪಕ್ಕಕ್ಕೆ ಎತ್ತಿಸುವ ವ್ಯಾಯಾಮ ಮಾಡಿಸುತ್ತೇವೆ. ಬೇಸರದ ಕೆಲಸ, ನಿಜ. ಸೀರಿಯಲ್ಲಿನ ಜಾಹೀರಾತು ಬಂದಾಗಲೆಲ್ಲ ಹತ್ತು ಸಲ ಎಂದು ಲೆಕ್ಕ ಇಟ್ಟುಕೊಂಡ ಮನೆಗಳಲ್ಲಿ ಅದು ಚೆನ್ನಾಗಿ ನಡೆದಿದೆ.

ಕೋಲು ಯಾವ ಕೈಯಲ್ಲಿ? ಸಿನಿಮಾದವರು ಸದಾ ತಪ್ಪು ಕೈಯಲ್ಲೇ ಹಿಡಿಯುತ್ತಾರೆ. ಬಲಗಾಲಿಗೆ ಶಸ್ತ್ರಚಿಕಿತ್ಸೆಯಾಗಿದ್ದರೆ ಕೋಲು ಎಡಗೈಯಲ್ಲಿರಬೇಕು. ಸಾಧಾರಣ ನಡಿಗೆಯಲ್ಲೇ ಈ ಕೀಲಿನ ಮೇಲೆ ದೇಹದ ತೂಕದ ಸುಮಾರು ಎರಡೂವರೆ ಪಟ್ಟು ಭಾರ ಬೀಳುತ್ತದೆ, ಏಕೆಂದರೆ ಆ ಸ್ನಾಯು ಎಳೆದು ಹಿಡಿಯುವ ಬಲವೂ ಅದರ ಮೇಲೆಯೇ. ಎದುರು ಕೈಯ ಕೋಲು ಸ್ನಾಯುವಿನ ಕೆಲಸವನ್ನು ತಾನು ಹಂಚಿಕೊಳ್ಳುತ್ತದೆ. ಮೆಟ್ಟಿಲಿಗೆ ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ಶಸ್ತ್ರಚಿಕಿತ್ಸೆಯಾದ ಕಾಲು ಮೊದಲು. ನೀವು ಇಳಿಯುವಾಗ ಅವರ ಮುಂದೆ, ಹತ್ತುವಾಗ ಹಿಂದೆ ಇರಿ. ರಟ್ಟೆ ಹಿಡಿದು ಎಳೆಯಬೇಡಿ.

ಇನ್ನು ನೆಲದ ಮಾತು. ಕೀಲನ್ನು ಹಿಂಭಾಗದಿಂದ ತೆರೆದು ಶಸ್ತ್ರಚಿಕಿತ್ಸೆ ಮಾಡಿದ್ದರೆ ಮೊದಲ ಆರರಿಂದ ಹನ್ನೆರಡು ವಾರ ಗುಂಡು ಬಟ್ಟಲಿನಿಂದ ಜಾರದಂತೆ ಎಚ್ಚರ ಬೇಕು. ತಗ್ಗಾದ ಆಸನದಲ್ಲಿ ಕೂತು ಮುಂದಕ್ಕೆ ಬಗ್ಗುವುದು, ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕುವುದು, ಪಾದವನ್ನು ಒಳಕ್ಕೆ ತಿರುಗಿಸುವುದು, ಈ ಮೂರನ್ನು ಡಾಕ್ಟರು ನಿಷೇಧಿಸುತ್ತಾರೆ. ಕಮೋಡಿನ ಮೇಲೆ ಎತ್ತರದ ಸೀಟು, ಮಲಗಿದಾಗ ಕಾಲುಗಳ ನಡುವೆ ದಿಂಬು. ಆದರೆ 'ಕಾಲ ಮೇಲೆ ಕಾಲು' ಮತ್ತು 'ಚಕ್ಕಳಮಕ್ಕಳ' ಎರಡೂ ಒಂದೇ ಅಲ್ಲ. ಇಂಗ್ಲಿಷಿನಲ್ಲಿ ಹೇಳುವಾಗ ಎರಡಕ್ಕೂ ಒಂದೇ ಮಾತು ಬಂದುಬಿಡುತ್ತದೆ, ಅಲ್ಲೇ ಗೊಂದಲ. ಮೊದಲನೆಯದರಲ್ಲಿ ತೊಡೆ ಒಳಕ್ಕೆ ಬರುತ್ತದೆ, ಎರಡನೆಯದರಲ್ಲಿ ಹೊರಕ್ಕೆ ತೆರೆಯುತ್ತದೆ. ಹಿಂದಿನಿಂದ ಜಾರುವ ಕೀಲಿಗೆ ಮೊದಲನೆಯದೇ ಹೆಚ್ಚು ಅಪಾಯ. ಇಂದಿನ ದೊಡ್ಡ ಗುಂಡಿನ ಕೀಲುಗಳಲ್ಲಿ, ಸರಿಯಾಗಿ ಕೂಡಿಸಿದ್ದರೆ, ಕೆಲವು ತಿಂಗಳ ಮೇಲೆ ಚಕ್ಕಳಮಕ್ಕಳ ಕೂರಲು ಅನುಮತಿ ಕೊಡುವ ಸರ್ಜನ್ನರು ನಮ್ಮಲ್ಲಿ ಇದ್ದಾರೆ. ಎಲ್ಲರಿಗೂ ಅಲ್ಲ. ನಿಮ್ಮ ಸರ್ಜನ್ನರನ್ನು ನೇರವಾಗಿ ಕೇಳಿ, ಬೇಕಾದರೆ ಅವರ ಕೋಣೆಯಲ್ಲೇ ನೀವು ಕೂತು ತೋರಿಸಿ.

ಡೊಂಬಿವಲಿಯ ತಾಯಿಗೆ ಸರ್ಜನ್ನರು ಒಪ್ಪಿದರು. ಗಟ್ಟಿ ಕುರ್ಚಿ ಹಿಡಿದು, ಶಸ್ತ್ರಚಿಕಿತ್ಸೆಯಾದ ಕಾಲನ್ನು ಹಿಂದಕ್ಕಿಟ್ಟು, ಆ ಮೊಣಕಾಲನ್ನು ಮೊದಲು ಊರಿ, ಅಲ್ಲಿಂದ ನೆಲಕ್ಕೆ ಇಳಿಯುವುದನ್ನು ಮೂರು ವಾರ ಅಭ್ಯಾಸ ಮಾಡಿಸಿದೆ. ಕುಕ್ಕರುಗಾಲು ಬೇಡವೆಂದರು, ಅದಕ್ಕೆ ಒಂದು ಎತ್ತರದ ಮಣೆ ಬಂತು. ತುಳಸಿಯ ಕುಂಡವನ್ನೂ ಮೊಮ್ಮಗಳು ಒಂದು ಸ್ಟೂಲಿನ ಮೇಲೆ ಏರಿಸಿದಳು. ರಂಗೋಲಿ ಮೊದಲಿನಷ್ಟು ದೊಡ್ಡದಿಲ್ಲ, ನಾಲ್ಕು ಎಳೆಯದು. ನನಗೆ ಕಾಫಿಯ ಜೊತೆ ಅವತ್ತು ಮಾದಲಿಯೂ ಸಿಕ್ಕಿತು.

ಎಷ್ಟು ಓಡಾಡಿದರೆ ಹೆಚ್ಚಾಯಿತು?

ಕೃತಕ ಕೀಲು ಸವೆಯುವುದು ವರ್ಷಗಳ ಲೆಕ್ಕದಲ್ಲಲ್ಲ, ಹೆಜ್ಜೆಗಳ ಲೆಕ್ಕದಲ್ಲಿ. ದಿನಕ್ಕೆ ಐದು ಸಾವಿರ ಹೆಜ್ಜೆ ನಡೆಯುವವರ ಒಂದೊಂದು ಕೀಲೂ ವರ್ಷಕ್ಕೆ ಸುಮಾರು 9 ಲಕ್ಷ ಸಲ ಮಡಚಿ ಬಿಚ್ಚುತ್ತದೆ. ಹಾಗಾದರೆ ನಡೆಯದಿರುವುದೇ ಲೇಸೇ? ಅಲ್ಲ. ನಡೆಯದಿದ್ದರೆ ಸ್ನಾಯು, ಮೂಳೆ, ಹೃದಯ, ಸಕ್ಕರೆ ಎಲ್ಲ ಕೆಡುತ್ತವೆ. 1990ರ ದಶಕದ ಕೊನೆಯಿಂದ ಬಂದ ಗಟ್ಟಿಗೊಳಿಸಿದ ಪಾಲಿಥಿಲೀನ್ ಹಳೆಯದಕ್ಕಿಂತ ಬಹಳ ಕಡಿಮೆ ಸವೆಯುತ್ತದೆ. ನಡಿಗೆ, ಈಜು, ಸೈಕಲ್, ಹಗುರವಾದ ಯೋಗ ಇವಕ್ಕೆ ಸಾಮಾನ್ಯವಾಗಿ ತಡೆಯಿಲ್ಲ. ನೆಗೆಯುವ, ಡಿಕ್ಕಿ ಹೊಡೆಯುವ ಆಟಗಳಿಗೆ ಹೆಚ್ಚಿನ ಸರ್ಜನ್ನರು ಬೇಡವೆನ್ನುತ್ತಾರೆ.

ಅಪವಾದಗಳಿವೆ. ಅಮೆರಿಕದ ಬೋ ಜಾಕ್ಸನ್ 1992ರಲ್ಲಿ ಕೀಲು ಬದಲಾಯಿಸಿಕೊಂಡು 1993ರಲ್ಲಿ ಮತ್ತೆ ಬೇಸ್‌ಬಾಲ್ ಆಡಿದರು, ಮರಳಿ ಬಂದ ಮೊದಲ ಸರದಿಯಲ್ಲೇ ಹೋಂ ರನ್ ಹೊಡೆದರು. ನಿಮಗೆ ಹೆಚ್ಚು ಪರಿಚಿತರಾದ ಟೆನಿಸ್ಸಿನ ಆಂಡಿ ಮರ್ರೆ 2019ರ ಜನವರಿಯಲ್ಲಿ ಗುಂಡಿನ ಮೇಲೆ ಲೋಹದ ಟೋಪಿ ಹಾಕುವ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು, ಅದೇ ಅಕ್ಟೋಬರಿನಲ್ಲಿ ಆಂಟ್‌ವರ್ಪ್ ಪ್ರಶಸ್ತಿ ಗೆದ್ದರು, 2024ರ ಪ್ಯಾರಿಸ್ ಒಲಿಂಪಿಕ್ಸ್‌ವರೆಗೂ ಆಡಿದರು. ಇವರಿಬ್ಬರೂ ಆಗ ಮೂವತ್ತರ ಆಸುಪಾಸಿನವರು, ಹಿಂದೆ ತರಬೇತುದಾರರ ದಂಡೇ ಇದ್ದವರು. ಅಜ್ಜನಿಗೆ ಇವರ ವಿಡಿಯೋ ತೋರಿಸಿ ಹುರಿದುಂಬಿಸಬೇಡಿ.

ಇದು ಮುದುಕರ ಕಾಯಿಲೆಯೆಂದೂ ತಿಳಿಯಬೇಡಿ. ರಕ್ತ ಹೋಗದೆ ಗುಂಡಿನ ಮೂಳೆ ಸಾಯುವ ರೋಗ ನಮ್ಮ ದೇಶದಲ್ಲಿ ಇಪ್ಪತ್ತು ಮೂವತ್ತರ ವಯಸ್ಸಿನವರನ್ನೂ ಹಿಡಿಯುತ್ತದೆ. ಅತಿಯಾದ ಮದ್ಯ ಮತ್ತು ಸ್ಟೀರಾಯ್ಡ್ ಔಷಧಿ ಮುಖ್ಯ ಕಾರಣಗಳು. 2021ರಲ್ಲಿ ಕೋವಿಡ್ ಗುಣವಾದವರಲ್ಲಿ ಇದನ್ನು ಮುಂಬೈಯ ವೈದ್ಯರು ವರದಿ ಮಾಡಿದ್ದರು. ಜಿಮ್ಮಿನಲ್ಲಿ ಮೈ ಬೆಳೆಸಲು ಯಾರೋ ಕೊಟ್ಟ ಇಂಜೆಕ್ಷನ್ ಚುಚ್ಚಿಸಿಕೊಳ್ಳುವವರು ಇದನ್ನು ಎರಡು ಸಲ ಓದಲಿ. ತೊಡೆಸಂದಿನ ನೋವು ವಾರಗಟ್ಟಲೆ ಉಳಿದರೆ ಎಂ.ಆರ್.ಐ. ಮಾಡಿಸುವ ವಿಚಾರ ಡಾಕ್ಟರ ಬಳಿ ಎತ್ತಿ, ಬೇಗ ಗೊತ್ತಾದರೆ ಸ್ವಂತ ಕೀಲನ್ನೇ ಉಳಿಸಿಕೊಳ್ಳುವ ಅವಕಾಶವಿದೆ. ನಮ್ಮ ನಾಡಿನಲ್ಲೇ, ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ 1970ರ ದಶಕದ ಮಧ್ಯದಲ್ಲಿ ಬೆಳಕಿಗೆ ಬಂದ ಆನುವಂಶಿಕ ಕಾಯಿಲೆಯೂ ಚಿಕ್ಕ ವಯಸ್ಸಿನಲ್ಲೇ ಸೊಂಟದ ಕೀಲುಗಳನ್ನು ತಿನ್ನುವಂಥದು. ಕೂಲಿಯಿಂದ ಬದುಕುವ ಆ ಕುಟುಂಬಗಳಿಗೆ ನಡೆಯುವುದೆಂದರೆ ಅನ್ನ. ಅಂಕಪಟ್ಟಿಯ ಮಾತು ಅಲ್ಲಿ ಹೇಗೆ ಎತ್ತುವುದು?

ಕೊನೆಗೆ ಎಲ್ಲ ಹಿರಿಯರೂ ಕೇಳುವ ಪ್ರಶ್ನೆ, 'ಊರಿಗೆ ಯಾವಾಗ ಹೋಗಬಹುದು?' ಸರ್ಜನ್ನರು ದೀರ್ಘ ಪ್ರಯಾಣಕ್ಕೆ ಒಪ್ಪಿದ ಮೇಲೆ ರೈಲಿನಲ್ಲಿ ಕೆಳಗಿನ ಬರ್ತ್ ತೆಗೆದುಕೊಳ್ಳಿ, ಗಂಟೆಗೊಮ್ಮೆ ಎದ್ದು ನಿಲ್ಲಿಸಿ, ಪಾದ ಆಡಿಸಲು ನೆನಪಿಸಿ. ವಿಮಾನವಾದರೆ ತಪಾಸಣೆಯ ಯಂತ್ರ ಕೂಗಬಹುದು, ಕೀಲು ಹಾಕಿದೆಯೆಂದು ಮೊದಲೇ ಹೇಳಿಬಿಡಿ. ಹೊರಡುವ ವಾರದಲ್ಲಿ ಊರಿನ ಚಿಕ್ಕಪ್ಪನಿಗೆ ಫೋನ್ ಮಾಡಿ ಮೂರು ವಿಷಯ ಕೇಳಿಟ್ಟುಕೊಳ್ಳಿ: ಹೊಸ್ತಿಲು ಎಷ್ಟು ಎತ್ತರ, ಬಚ್ಚಲಿಗೆ ಎಷ್ಟು ಮೆಟ್ಟಿಲು, ಕಮೋಡ್ ಇದೆಯೇ ಇಲ್ಲವೇ. ಇಲ್ಲವೆಂದರೆ ಮಡಚುವ ಕಮೋಡ್ ಕುರ್ಚಿಯೊಂದನ್ನು ನೀವೇ ಕೊಂಡೊಯ್ಯಿರಿ, ಸೀಟಿನ ಕೆಳಗೆ ಹಿಡಿಸುತ್ತದೆ.